ರನ್‌ವೇ ಕಾಯುವ ಕೆಲಸ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಾಪಲ್ ಯುದ್ಧನೌಕೆಯ ಬಳಿ, ಭಾರಿ ಗಾತ್ರದ ವಿಮಾನವೊಂದು ನಿಂತಿದೆ. ನೌಕಾಪಡೆಯ ಟುಪೊಲೆವ್-142. 1988ರಿಂದ 2017ರವರೆಗೆ ಹಿಂದೂ ಮಹಾಸಾಗರದ ಮೇಲೆ ಕಾವಲು ಹಾರಿ, ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಯಾದ ಈ ವಿಮಾನವನ್ನು ಬಿಡಿಭಾಗಗಳಾಗಿ ಕಳಚಿ, ರಸ್ತೆಯ ಮೇಲೆ ಇಲ್ಲಿಗೆ ತಂದು ಮತ್ತೆ ಜೋಡಿಸಿದರು. ಊರ ಮಕ್ಕಳಿಗೆ ಹತ್ತಿರದಿಂದ ನೋಡಲು ಸಿಗುವ ವಿಮಾನ ಅದೊಂದೇ.

ಹಾರುವ ವಿಮಾನ ಬೇಕೆಂದರೆ ಉತ್ತರಕ್ಕೆ ಗೋವೆಯ ದಾಬೋಲಿಂ, ಘಟ್ಟ ಹತ್ತಿದರೆ ಹುಬ್ಬಳ್ಳಿ, ದಕ್ಷಿಣಕ್ಕೆ ದೂರದ ಮಂಗಳೂರು. ರಾಜ್ಯದ ಇಡೀ ಕರಾವಳಿಗೆ ಇರುವುದು ಮಂಗಳೂರಿನ ಬಜ್ಪೆ ನಿಲ್ದಾಣ ಮಾತ್ರ, ಅದೂ ತೆಂಕಣ ತುದಿಯಲ್ಲಿ. ಈ ಮೂರೂ ದಾರಿಗಳನ್ನು ಮಳೆಗಾಲ ಯಾವಾಗ ತಡೆದೀತೆಂದು ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು, ಜೀವಗಳು ಹೋದವು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ಕಳೆಯುತ್ತಿದ್ದಂತೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಗಂಭೀರ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಓಡಬೇಕಾದ ಜಿಲ್ಲೆಯಿದು. ಇಲ್ಲಿ ವಿಮಾನ ನಿಲ್ದಾಣ ಬೇಕೆನ್ನುವುದನ್ನು ಶ್ರೀಮಂತರ ಸೌಕರ್ಯದ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಆ ನಿಲ್ದಾಣಕ್ಕೆ ಗುರುತಾಗಿರುವ ಜಾಗ ಅಂಕೋಲಾ ಪಕ್ಕದ ಅಲಗೇರಿ. ಅದರ ಬೇರು ಇರುವುದು ಸೀಬರ್ಡ್ ಯೋಜನೆಯಲ್ಲಿ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಅರಗಾದಲ್ಲಿ ಅಡಿಗಲ್ಲಿಟ್ಟ ನೌಕಾನೆಲೆ, 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಎರಡನೆಯ ಹಂತದ ಕಾಮಗಾರಿಯಲ್ಲಿ ಹಡಗುಕಟ್ಟೆಗಳ ಜತೆ ನೌಕಾ ವಾಯುನೆಲೆಯೂ ಸೇರಿದೆ. ಅದೇ ರನ್‌ವೇಯನ್ನು ನಾಗರಿಕ ವಿಮಾನಗಳೂ ಬಳಸುವಂತೆ ಪಕ್ಕದಲ್ಲಿ ಟರ್ಮಿನಲ್ ಕಟ್ಟಬೇಕೆಂಬುದು ಯೋಜನೆ. ಇಂಥ ಏರ್ಪಾಡಿಗೆ ಆಡಳಿತದ ಭಾಷೆಯಲ್ಲಿ ಸಿವಿಲ್ ಎನ್‌ಕ್ಲೇವ್ ಎನ್ನುತ್ತಾರೆ. ಒಂದೇ ಬಾವಿಯಿಂದ ಎರಡು ಮನೆಯವರು ನೀರು ಸೇದುವ ಹಾಗೆ: ಬಾವಿ ನೌಕಾಪಡೆಯದು, ಸೇದುವ ಹೊತ್ತನ್ನು ಕೂತು ಮಾತಾಡಿಕೊಳ್ಳಬೇಕು.

ಈ ಹೊತ್ತಿನ ಲೆಕ್ಕ ಎಷ್ಟು ಮುಖ್ಯವೆಂದು ದಾಬೋಲಿಂ ತೋರಿಸಿಕೊಟ್ಟಿದೆ. ಅದು ಐಎನ್‌ಎಸ್ ಹನ್ಸಾ ಎಂಬ ನೌಕಾ ವಾಯುನೆಲೆ. ಅಲ್ಲಿ ವಿಮಾನಗಳ ಇಳಿಕೆ ಏರಿಕೆಯನ್ನು ನಿಯಂತ್ರಿಸುವವರು ನೌಕಾಪಡೆಯವರೇ. ಬಹುಕಾಲ ವಾರದ ಐದು ದಿನ ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡೂವರೆವರೆಗೆ ಸೇನಾ ತರಬೇತಿಗೆಂದು ನಾಗರಿಕ ವಿಮಾನಗಳಿಗೆ ಅವಕಾಶವಿರಲಿಲ್ಲ. ಹಾಗಾಗಿ ಉಳಿದ ಗಂಟೆಗಳಲ್ಲಿ ನೂಕುನುಗ್ಗಲು. ಅಲಗೇರಿಗೆ ದಿನಕ್ಕೆ ಎರಡೋ ಮೂರೋ ವಿಮಾನ ಬಂದರೂ ಅವು ಬೆಳಿಗ್ಗೆ ಬೆಂಗಳೂರು ಮುಟ್ಟಿಸಿ ಸಂಜೆ ಮರಳಿಸುವಂತಿದ್ದರೆ ಮಾತ್ರ ರೋಗಿಗೆ, ವ್ಯಾಪಾರಿಗೆ, ಸಂದರ್ಶನಕ್ಕೆ ಹೊರಟ ಹುಡುಗನಿಗೆ ಉಪಯೋಗ. ಮಧ್ಯಾಹ್ನದ ಒಂದು ಸಮಯ ಕೊಟ್ಟು ಕೈತೊಳೆದುಕೊಂಡರೆ ಟರ್ಮಿನಲ್ ಎಷ್ಟು ಚೆಂದವಿದ್ದರೂ ಸೀಟುಗಳು ತುಂಬವು. ಕಟ್ಟಡದ ನಕ್ಷೆಗಿಂತ ಮೊದಲು ಬರಹದಲ್ಲಿ ಇತ್ಯರ್ಥವಾಗಬೇಕಾದದ್ದು ಈ ವೇಳಾಪಟ್ಟಿ.

ಸಣ್ಣ ನಿಲ್ದಾಣದ ದಿನ ಶುರುವಾಗುವುದು ಮೊದಲ ವಿಮಾನಕ್ಕಿಂತ ಬಹಳ ಮುಂಚೆ. ಹಳದಿ ದೀಪದ ಜೀಪೊಂದು ರನ್‌ವೇಯ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಸಾಗುತ್ತದೆ. ಒಳಗಿರುವವರು ಹುಡುಕುವುದು ಸಣ್ಣಪುಟ್ಟ ವಸ್ತು: ಕಳಚಿದ ಬೋಲ್ಟು, ಜಲ್ಲಿಕಲ್ಲು, ಟಯರಿನ ಚೂರು, ಸತ್ತ ಹಕ್ಕಿ. ಎಂಜಿನ್ನು ಗಾಳಿಯ ಜತೆ ಒಂದು ಕಲ್ಲನ್ನು ಎಳೆದುಕೊಂಡರೂ ಅದರ ಅಲಗುಗಳು ಹಾಳಾಗುತ್ತವೆ. ಅಂಚಿನ ದೀಪಗಳು ಉರಿಯುತ್ತಿವೆಯೇ, ಬಿಳಿ ಗೆರೆಗಳು ಮಾಸಿವೆಯೇ, ಬೇಲಿಯಲ್ಲಿ ನಾಯಿ ನುಸುಳುವ ಕಂಡಿ ಆಗಿದೆಯೇ, ಎಲ್ಲವನ್ನೂ ನೋಡಿ ಗಂಟೆ ಸಹಿತ ಬರೆದಿಡುತ್ತಾರೆ. ಹವಾಮಾನದ ಕೊಠಡಿಯಿಂದ ಗಾಳಿಯ ದಿಕ್ಕು, ವೇಗ, ಕಾಣುವ ದೂರ, ಮೋಡದ ಎತ್ತರ ಅರ್ಧ ಗಂಟೆಗೊಮ್ಮೆ ಹೊರಡುತ್ತದೆ. ಒಂದು ದೀಪಸಾಲು ಕೆಟ್ಟರೂ ನೋಟಾಮ್ ಎಂಬ ಅಧಿಕೃತ ಸೂಚನೆ ಹೊರಡಿಸಬೇಕು. ಎಲ್ಲೋ ದೂರದಲ್ಲಿ ಪೈಲಟ್ ಅದನ್ನು ಓದಿಯೇ ಹೊರಡುತ್ತಾರೆ.

ಅಗ್ನಿಶಾಮಕ ದಳದ ಕೆಲಸ ಪ್ರಯಾಣಿಕರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಯಾವ ಗಾತ್ರದ ವಿಮಾನ ಇಳಿಯಬಹುದೆಂಬುದರಲ್ಲಿ ಅವರ ಪಾತ್ರ ದೊಡ್ಡದು. ವಿಮಾನದ ಉದ್ದ ಮತ್ತು ಒಡಲಿನ ಅಗಲ ನೋಡಿ ನಿಲ್ದಾಣಕ್ಕೆ ದರ್ಜೆ ನಿಗದಿಯಾಗುತ್ತದೆ. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್-72ಕ್ಕೆ ಐದನೆಯ ದರ್ಜೆ, ಏರ್‌ಬಸ್ 320ಕ್ಕೆ ಆರನೆಯದು. ದರ್ಜೆ ಏರಿದಂತೆ ನೀರು, ನೊರೆದ್ರಾವಣ, ವಾಹನ ಎಲ್ಲ ಹೆಚ್ಚಬೇಕು. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಹಾಯಿಸಬೇಕು. ಒಂದು ವಾಹನ ಕೆಟ್ಟು ನಿಂತು ಬದಲಿ ಇಲ್ಲದಿದ್ದರೆ ನಿಲ್ದಾಣದ ದರ್ಜೆಯೇ ಇಳಿಯುತ್ತದೆ, ಆಗ ದೊಡ್ಡ ವಿಮಾನಕ್ಕೆ ಪ್ರವೇಶವಿಲ್ಲ. ವರ್ಷಾನುಗಟ್ಟಲೆ ಒಂದೂ ಬೆಂಕಿ ಕಾಣದೆ, ದಿನವೂ ಬೆಂಕಿ ಬಿದ್ದಂತೆಯೇ ಅಭ್ಯಾಸ ಮಾಡುವ ಈ ಜನರ ಬಗ್ಗೆ ನನಗೆ ವಿಶೇಷ ಗೌರವ.

ಅಂಕೋಲೆಯಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ ಹಕ್ಕಿಗಳದ್ದಾಗಲಿದೆ. ಹಕ್ಕಿ ಬಡಿಯುವ ಅಪಾಯ ಹೆಚ್ಚಿರುವುದು ವಿಮಾನ ನೆಲಕ್ಕೆ ಹತ್ತಿರವಿದ್ದಾಗ. ಅಲಗೇರಿಯ ಸುತ್ತಲೋ ಗದ್ದೆ, ಹಳ್ಳ, ತುಸು ದೂರದಲ್ಲಿ ಕಡಲು. ಮೊದಲ ಮಳೆಗೆ ಹುಲ್ಲಿನಿಂದ ಹುಳು ಎದ್ದರೆ ಬೆಳ್ಳಕ್ಕಿ, ಟಿಟ್ಟಿಭಗಳು ಇಳಿಯುತ್ತವೆ. ಇಲಿ ಹೆಚ್ಚಿದರೆ ಗಿಡುಗ ಸುತ್ತುತ್ತದೆ. ಮೀನು ಒಣಹಾಕಿದಲ್ಲಿ, ಮೀನು ಹಸನು ಮಾಡಿ ಬಿಸಾಡಿದಲ್ಲಿ ಗರುಡ, ಹದ್ದು, ಕಾಗೆಗಳ ಹಿಂಡು. ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ತ್ರಿಜ್ಯದೊಳಗೆ ಬಯಲಲ್ಲಿ ಪ್ರಾಣಿವಧೆ ಮಾಡುವುದನ್ನೂ ಕೊಳೆಕಸ ಸುರಿಯುವುದನ್ನೂ 1937ರ ವಿಮಾನ ನಿಯಮಗಳು ನಿಷೇಧಿಸಿದ್ದವು; ಆ ಎಚ್ಚರಿಕೆ ಇಂದಿಗೂ ಸಡಿಲಾಗಿಲ್ಲ. ಅಲಗೇರಿಯಿಂದ ಹತ್ತು ಕಿಲೋಮೀಟರ್ ಎಂದರೆ ಅಂಕೋಲಾ ಪಟ್ಟಣ, ಕೇಣಿ, ಬೇಲೆಕೇರಿ ಎಲ್ಲವೂ ಒಳಗೆ ಬಂದವು. ಪಟಾಕಿ ಹೊಡೆದು ಹಕ್ಕಿ ಓಡಿಸುವ ಸಿಬ್ಬಂದಿ ಬೇಲಿಯ ಒಳಗಿನದನ್ನಷ್ಟೇ ನೋಡಿಕೊಳ್ಳಬಲ್ಲರು. ಬೇಲಿಯ ಹೊರಗಿನದು ಪುರಸಭೆಯ ಕಸದ ಗಾಡಿ ಮತ್ತು ಮೀನುಪೇಟೆಯ ಕೈಯಲ್ಲಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ನಿಯಮ ಹಿಡಿದು ನಾಳೆ ಯಾರೂ ಕಡಲದಂಡೆಯ ಹೆಂಗಸರ ಒಣಮೀನಿನ ಚಾಪೆ ಎತ್ತಿಸಬಾರದು. ನೆಲದಿಂದ ಎತ್ತರಿಸಿ ಬಲೆ ಮುಚ್ಚಿದ ಒಣಗಿಸುವ ಅಟ್ಟಣಿಗೆ, ಮೀನುಪೇಟೆಗೆ ಮುಚ್ಚಿದ ತೊಟ್ಟಿ, ದಿನವೂ ತಪ್ಪದೆ ಕಸ ಸಾಗಿಸುವ ವ್ಯವಸ್ಥೆ, ಇವಿಷ್ಟನ್ನು ನಿಲ್ದಾಣದ ಖರ್ಚಿನಲ್ಲೇ ಸೇರಿಸಿದರೆ ಮೀನೂ ಚೊಕ್ಕಟ, ಆಕಾಶವೂ ಚೊಕ್ಕಟ. ರನ್‌ವೇಗೆ ಸುರಿಯುವ ಹಣದ ಮುಂದೆ ಇದು ದೊಡ್ಡ ಮೊತ್ತವೇ ಅಲ್ಲ.

ಇನ್ನು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಕರಾವಳಿಯಲ್ಲಿ ರನ್‌ವೇಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಅರ್ಧ ಆಡಳಿತ. ನಡುವೆ ತುಸು ಉಬ್ಬಿಸಿ ಎರಡೂ ಬದಿಗೆ ಇಳಿಜಾರು ಕೊಡುತ್ತಾರೆ. ಇಳಿಯುವ ವಿಮಾನಗಳ ಟಯರು ತಿಕ್ಕಿ ಅಂಟಿದ ರಬ್ಬರನ್ನು ಕಾಲಕಾಲಕ್ಕೆ ಕೆರೆದು ತೆಗೆದು, ನೆಲದ ಹಿಡಿತವನ್ನು ಯಂತ್ರದಿಂದ ಅಳೆಯುತ್ತಾರೆ. ಆದರೆ ತಗ್ಗು ನೆಲದಲ್ಲಿ ಕಡಲಿನಲ್ಲಿ ಭರತವಿದ್ದಾಗ ಚರಂಡಿಯ ನೀರು ಹೋಗುವುದೆಲ್ಲಿಗೆ? ಅದು ಪಕ್ಕದ ಗದ್ದೆಗೆ ಮರಳುತ್ತದೆ. ಹಳ್ಳದ ದಾರಿ ತಿರುಗಿಸುವ ಮುಂಚೆ ಆ ನೆಲದಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿದವರನ್ನು ಕೇಳಿದರೆ ಯಾವ ನಕ್ಷೆಯಲ್ಲೂ ಇಲ್ಲದ ವಿವರ ಸಿಗುತ್ತದೆ.

ಹುಬ್ಬಳ್ಳಿಯ ನಿಲ್ದಾಣ ಮಳೆಯ ಪಾಠ ಕಲಿತೇ ಬೆಳೆದದ್ದು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್‌ನ ಸಣ್ಣ ವಿಮಾನ ಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಜಾರಿತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಆಗ ರನ್‌ವೇಯ ಉದ್ದ 1,700 ಮೀಟರಿಗೂ ಕಡಿಮೆ. ಮುಂದೆ ಅದು 2,600 ಮೀಟರಿಗೆ ಬೆಳೆಯಿತು, 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಬಂತು, ಜೆಟ್ ವಿಮಾನಗಳು ಬಂದವು. ಸುಧಾರಣೆ ಎಂದರೆ ಹೀಗೆ, ಒಂದರ ಹಿಂದೆ ಒಂದು. ಒಂದೇ ದಿನ ಎಲ್ಲವೂ ಆಗಿಬಿಡುವುದಿಲ್ಲ.

ಉದ್ಘಾಟನೆಯ ಮರುದಿನವೇ ವಿಮಾನ ಬರುತ್ತದೆಂದು ಕಾಯುವವರು ಶಿವಮೊಗ್ಗವನ್ನು ನೆನೆಯಬೇಕು. 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದ ಆ ನಿಲ್ದಾಣಕ್ಕೆ ಪ್ರಯಾಣಿಕರ ಮೊದಲ ವಿಮಾನ ಬಂದದ್ದು ಆಗಸ್ಟ್ 31ರಂದು. ರಾಜ್ಯ ಸರಕಾರವೇ ನಡೆಸಲು ಕೈಹಾಕಿದ ಮೊದಲ ನಿಲ್ದಾಣವದು. ಪರವಾನಗಿ, ಭದ್ರತೆ, ಸಿಬ್ಬಂದಿ ಎಂಬ ಮೂರು ಹೊಸಿಲು ದಾಟುವುದು ಸಣ್ಣ ಕೆಲಸವಲ್ಲ. ವಾಯುಪಡೆಯ ರನ್‌ವೇಯನ್ನು ಹಂಚಿಕೊಂಡಿರುವ ಬೀದರ್ ಅಂಕೋಲೆಗೆ ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ 2020ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ಶುರುವಾಯಿತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಹಾರಿತು. ಉಡಾನ್ ಯೋಜನೆಯಡಿ ನಷ್ಟ ತುಂಬಿಕೊಡುವ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅಷ್ಟರೊಳಗೆ ಆ ಮಾರ್ಗ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಕಂಪನಿ ವಿಮಾನವನ್ನು ಬೇರೆಡೆಗೆ ಒಯ್ಯುತ್ತದೆ. ಅಂಕೋಲೆಗೆ ಅನುಕೂಲಗಳಿವೆ: ನೌಕಾನೆಲೆಯ ಸಾವಿರಾರು ಕುಟುಂಬ, ಕೈಗಾ ಅಣುಸ್ಥಾವರದ ನೌಕರರು, ಗೋಕರ್ಣದ ಯಾತ್ರಿಕರು, ಮೀನು, 2023ರಲ್ಲಿ ಭೌಗೋಳಿಕ ಗುರುತು ಪಡೆದ ಕರಿ ಈಶಾಡ ಮಾವು. ಬೇಗ ಹಣ್ಣಾಗಿ ಬೇಗ ಕೆಡುವ ಈ ಮಾವಿಗೆ ಬೆಳಿಗ್ಗೆ ಕೊಯ್ದು ಸಂಜೆ ಬೆಂಗಳೂರು ಮುಟ್ಟುವ ದಾರಿ ಸಿಕ್ಕರೆ ಬೆಳೆಗಾರನ ಲೆಕ್ಕವೇ ಬೇರೆ. ಆದರೆ ಅದಕ್ಕೆ ತಂಪಿನ ಕೋಣೆ, ತೂಕದ ಯಂತ್ರ, ಸರಕಿನ ತಪಾಸಣೆ ಟರ್ಮಿನಲ್ ಕಟ್ಟುವಾಗಲೇ ಇರಬೇಕು.

ಇಷ್ಟೆಲ್ಲದರ ಅಡಿಯಲ್ಲಿರುವುದು ನೆಲ. ಅಲಗೇರಿ, ಬೆಳಸೆ, ಭಾವಿಕೇರಿಯ ಜನರ ಮನೆ, ಗದ್ದೆ, ತೋಟ. ಸೀಬರ್ಡಿನ ಮೊದಲ ಹಂತದಲ್ಲೇ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಊರುಗಳು ಎದ್ದುಹೋಗಿ ತೋಡೂರು, ಮುದಗಾದಂಥ ಪುನರ್ವಸತಿ ಕಾಲನಿಗಳು ಆದವು. ಪರಿಹಾರಕ್ಕಾಗಿ ಆ ಕುಟುಂಬಗಳು ವರ್ಷಾನುವರ್ಷ ಕೋರ್ಟು ಕಚೇರಿ ಅಲೆದವು. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ, ಕೊಂಕಣ ರೈಲ್ವೆ, ಚತುಷ್ಪಥ ಹೆದ್ದಾರಿ ಎಂದು ಈ ಜಿಲ್ಲೆ ಮತ್ತೆಮತ್ತೆ ಜಾಗ ಬಿಟ್ಟುಕೊಟ್ಟಿದೆ. ಪರಿಹಾರದ ಚೆಕ್ಕಿನೊಂದಿಗೆ ನೆಲ ಕೊಟ್ಟವರಿಗೂ ನಿಲ್ದಾಣಕ್ಕೂ ಇರುವ ಸಂಬಂಧ ಮುಗಿಯಬಾರದು.

ನಿಲ್ದಾಣಕ್ಕೆ ಬೇಕಾದ ಕೈಗಳು ಸ್ಥಳೀಯವಾಗಿಯೇ ಇರಬಲ್ಲವು. ಅಗ್ನಿಶಾಮಕ ಸಿಬ್ಬಂದಿ, ರನ್‌ವೇ ತಪಾಸಣೆಯವರು, ಹಕ್ಕಿ ಕಾಯುವವರು, ವಿದ್ಯುತ್ ತಂತ್ರಜ್ಞರು, ಸರಕು ಸಾಗಿಸುವವರು, ಇವರಲ್ಲಿ ಬಹುತೇಕರಿಗೆ ಬೇಕಾದದ್ದು ಪಿಯುಸಿ, ಐಟಿಐ, ಡಿಪ್ಲೊಮಾ, ಭಾರಿ ವಾಹನದ ಲೈಸನ್ಸು ಮತ್ತು ಕೆಲವು ತಿಂಗಳ ತರಬೇತಿ. ವಿಮಾನ ನಿಲ್ದಾಣ ಪ್ರಾಧಿಕಾರದ ಅಗ್ನಿಶಾಮಕ ತರಬೇತಿ ಕೇಂದ್ರಗಳು ಕೋಲ್ಕತ್ತ, ದೆಹಲಿಯಲ್ಲಿವೆ. ವಿಮಾನ ಸಂಚಾರ ನಿಯಂತ್ರಣ ಕಲಿಸುವುದು ಪ್ರಯಾಗರಾಜದಲ್ಲಿ. ರನ್‌ವೇ ಮುಗಿದ ಮೇಲೆ ಅರ್ಜಿ ಕರೆದರೆ ಕಲಿತು ಬಂದ ಹೊರಗಿನವರಿಗೇ ಕೆಲಸ. ಭೂಮಿ ಕೊಟ್ಟ ಮನೆಗಳ ಹುಡುಗ ಹುಡುಗಿಯರನ್ನು ಈಗಲೇ ಆರಿಸಿ, ಶಿಷ್ಯವೇತನ ಕೊಟ್ಟು ಅಲ್ಲಿಗೆ ಕಳಿಸುವ ಹೊಣೆಯನ್ನು ಜಿಲ್ಲಾಡಳಿತ ಹೊರಬೇಕು. ರನ್‌ವೇ ಸಿದ್ಧವಾಗುವುದಕ್ಕೆ ಕಡಿಮೆಯೆಂದರೂ ಎರಡು ವರ್ಷ ಮುಂಚೆ ಅವರು ಬಸ್ಸು ಹತ್ತಿರಬೇಕು.