ಪಟ್ಟಿ ಬಿಗಿಯುವ ಮೊದಲು ನಾಡಿ ನೋಡಿಸೋಣ

ಕಾಲು ಊದಿದೆ. ಪಾದದ ಗಂಟಿನ ಹತ್ತಿರ ಹುಣ್ಣಾಗಿದೆ. ಎಷ್ಟು ದಿನವಾದರೂ ಮಾಯುತ್ತಿಲ್ಲ. ಆಗ ಯಾರಾದರೊಬ್ಬರು, "ಬಿಗಿಯಾಗಿ ಪಟ್ಟಿ ಕಟ್ಟು, ಊತ ಇಳಿಯುತ್ತೆ" ಅಂತಾರೆ. ನಾವು ಔಷಧಿ ಅಂಗಡಿಯಿಂದ ಪಟ್ಟಿ ತಂದು ಸುತ್ತುತ್ತೇವೆ. ಈ ಪಟ್ಟಿಯಿಂದ ಕೆಲವರ ಹುಣ್ಣು ವಾಸಿಯಾಗುತ್ತದೆ. ಇನ್ನು ಕೆಲವರ ಕಾಲಿಗೇ ಅಪಾಯ ಬರುತ್ತದೆ. ಯಾಕೆ ಹೀಗೆ?

ಗದ್ದೆಗೆ ನೀರು ತರುವ ಕಾಲುವೆ ಬೇರೆ. ನೀರು ಹೊರಗೆ ಹೋಗುವ ಬಸಿಗಾಲುವೆ ಬೇರೆ. ನಮ್ಮ ಕಾಲಿನಲ್ಲಿಯೂ ಹಾಗೆಯೇ. ಹೃದಯದಿಂದ ಕಾಲಿಗೆ ರಕ್ತ ತರುವ ನಾಳಕ್ಕೆ ಅಪಧಮನಿ ಎಂದು ಹೆಸರು. ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳಕ್ಕೆ ಅಭಿಧಮನಿ ಎಂದು ಹೆಸರು.

ಒಯ್ಯುವ ನಾಳ ಕೆಟ್ಟರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ನರ ಉಬ್ಬುತ್ತದೆ. ಸಂಜೆಗೆ ಕಾಲು ಊದುತ್ತದೆ. ಇಂಥವರಿಗೆ ಬಿಗಿ ಪಟ್ಟಿ ಒಳ್ಳೆಯದು. ಅದು ಒತ್ತಿದಾಗ ರಕ್ತ ಮೇಲಕ್ಕೆ ಹೋಗುತ್ತದೆ.

ತರುವ ನಾಳ ಕಿರಿದಾದರೆ ಕಥೆ ಬೇರೆ. ಬೀಡಿ, ಸಿಗರೇಟು ಸೇದುವವರಿಗೆ ಈ ರೋಗ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೂ ಹೆಚ್ಚು. ನಾಳದ ಒಳಗೆ ಕೊಬ್ಬು ಕಟ್ಟುತ್ತದೆ. ಕಾಲಿಗೆ ಬರುವ ರಕ್ತವೇ ಕಡಿಮೆ. ಅದರ ಮೇಲೆ ಪಟ್ಟಿ ಬಿಗಿದರೆ ಅದೂ ನಿಂತುಹೋಗಬಹುದು. ಚರ್ಮ ಸಾಯುತ್ತದೆ. ಬೆರಳು ಕಪ್ಪಾಗುತ್ತದೆ. ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಬಹುದು.

ಈ ರೋಗದ ಗುರುತು ಏನು? ನಡೆಯುವಾಗ ಮೀನಖಂಡ ನೋಯುತ್ತದೆ. ನಿಂತರೆ ಕೆಲವು ನಿಮಿಷದಲ್ಲಿ ನೋವು ಹೋಗುತ್ತದೆ. ಪಾದ ತಣ್ಣಗಿರುತ್ತದೆ. ರೋಗ ಹೆಚ್ಚಾದರೆ ರಾತ್ರಿ ಮಲಗಿದಾಗಲೂ ಪಾದ ನೋಯುತ್ತದೆ. ಕಾಲು ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ. ಕೆಲವರಿಗೆ ಯಾವ ನೋವೂ ಇರುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು.

ಡಾಕ್ಟರು ಪಾದದ ಮೇಲೆ ಮತ್ತು ಗಂಟಿನ ಒಳಮಗ್ಗುಲ ಹಿಂದೆ ನಾಡಿ ನೋಡುತ್ತಾರೆ. ಆಮೇಲೆ ತೋಳಿನಲ್ಲಿ, ಪಾದದ ಗಂಟಿನ ಹತ್ತಿರ, ಎರಡೂ ಕಡೆ ರಕ್ತದೊತ್ತಡ ಅಳೆಯುತ್ತಾರೆ. ಇಲ್ಲೊಂದು ಲೆಕ್ಕ ಮಾಡೋಣ. ತೋಳಿನಲ್ಲಿ 120 ಇದೆ. ಕಾಲಿನಲ್ಲಿ 84 ಇದೆ. 84ನ್ನು 120ರಿಂದ ಭಾಗಿಸಿದರೆ 0.7 ಬರುತ್ತದೆ. ಈ ಲೆಕ್ಕ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದು ಅರ್ಥ. 0.5ಕ್ಕಿಂತ ಕಡಿಮೆ ಇದ್ದರೆ ಬಿಗಿ ಪಟ್ಟಿ ಕಟ್ಟಲೇಬಾರದು. ನಡುವೆ ಇದ್ದರೆ ಪಟ್ಟಿ ಬೇಕೇ, ಎಷ್ಟು ಸಡಿಲವಾಗಿರಬೇಕು ಎಂದು ಡಾಕ್ಟರೇ ಹೇಳಬೇಕು. ಸಕ್ಕರೆ ಕಾಯಿಲೆಯವರ ನಾಳ ಗಟ್ಟಿಯಾಗಿ ಲೆಕ್ಕ ತಪ್ಪಬಹುದು. ಅವರಿಗೆ ಬೇರೆ ಪರೀಕ್ಷೆಯೂ ಬೇಕಾಗುತ್ತದೆ.

ಈ ಮಾತುಗಳನ್ನು ನೆನಪಿಡೋಣ:

1. ನಾಡಿ ನೋಡಿಸದೆ ಪಟ್ಟಿ ಬಿಗಿಯಬಾರದು. ಬಿಗಿ ಕಾಲುಚೀಲಕ್ಕೂ ಇದೇ ಮಾತು.

2. ಪಟ್ಟಿ ಕಟ್ಟಿದ ಮೇಲೆ ಬೆರಳು ಬಿಳಿಚಿದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ಹೆಚ್ಚಿದರೆ ಕೂಡಲೇ ಬಿಚ್ಚಬೇಕು. ಆಸ್ಪತ್ರೆಗೆ ಹೋಗಬೇಕು.

3. ಬೀಡಿ, ಸಿಗರೇಟು ಬಿಡಬೇಕು.

4. ಹುಣ್ಣಿಲ್ಲದವರು ಡಾಕ್ಟರನ್ನು ಕೇಳಿ ನಡೆಯಬೇಕು. ನೋವು ಬಂದರೆ ನಿಲ್ಲಬೇಕು. ನೋವು ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ನಡೆದರೆ ದಿನ ಕಳೆದಂತೆ ಹೆಚ್ಚು ದೂರ ನಡೆಯಲು ಆಗುತ್ತದೆ.

ಪಟ್ಟಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕಾಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಹಿರಿಯರ ಕಾಲು ಊದಿದ್ದರೆ ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.