ಗೀರು ಸಣ್ಣದು, ಉಪೇಕ್ಷೆ ಸಲ್ಲದು

ಇಕ್ಕೇರಿ ಸೀಮೆಯ ಒಂಟಿಮನೆಗಳಲ್ಲಿ ನಾಯಿ ಮನೆಯ ಸದಸ್ಯನೇ ಸರಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ ವಾಸಿಸುವವರಿಗೆ ಅದು ರಾತ್ರಿಯ ಕಾವಲುಗಾರ, ಮಕ್ಕಳಿಗೆ ಆಟದ ಸಂಗಾತಿ. ಹೀಗಾಗಿ ನಾಯಿಮರಿಯ ಹಲ್ಲು ಕೈಗೆ ತಾಗಿದರೆ, ಉಗುರಿನ ಗೀರು ಮೂಡಿದರೆ ಯಾರೂ ಗಾಬರಿಗೊಳ್ಳುವುದಿಲ್ಲ. ‘ರಕ್ತ ಬಂದಿಲ್ಲವಲ್ಲ, ನಮ್ಮದೇ ನಾಯಿಯಲ್ಲವೇ’ ಎಂದು ಸಮಾಧಾನ ಹೇಳಿ, ಅರಿಶಿನವನ್ನೋ ಸುಣ್ಣವನ್ನೋ ಹಚ್ಚಿ ಮರೆತುಬಿಡುವುದುಂಟು. ಅಪಾಯವಿರುವುದು ಈ ಮರೆವಿನಲ್ಲೇ.

ರೇಬಿಸ್ ವೈರಾಣು ಹರಡುವುದು ಸೋಂಕಿತ ಪ್ರಾಣಿಯ ಜೊಲ್ಲಿನಿಂದ. ಚರ್ಮ ತುಸು ತರಚಿದರೂ ಅದಕ್ಕೆ ದಾರಿ ಸಿಕ್ಕಂತೆ. ಅಲ್ಲಿಂದ ನರಗಳ ಗುಂಟ ಮೆದುಳಿನತ್ತ ಸಾಗುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ವಾರ ಸಾಕು, ಕೆಲವೊಮ್ಮೆ ವರ್ಷವೂ ಹಿಡಿಯಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಅದಕ್ಕೆ ಮುಂಚಿನ ಅವಧಿಯಷ್ಟೇ ನಮ್ಮ ಕೈಯಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಂಪರ್ಕಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ನಾಯಿಯನ್ನು ಮುಟ್ಟಿದರೆ, ಅದು ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಚಿಕಿತ್ಸೆ ಬೇಕಿಲ್ಲ. ರಕ್ತ ಬಾರದ ಗೀರು, ತರಚುಗಾಯಗಳಿಗೆ ಗಾಯ ತೊಳೆಯುವುದರ ಜೊತೆಗೆ ಲಸಿಕೆ ಬೇಕು. ಚರ್ಮ ಸೀಳಿದ ಕಡಿತ ಅಥವಾ ಗೀರು, ತೆರೆದ ಗಾಯಕ್ಕೆ ಇಲ್ಲವೇ ಕಣ್ಣು, ಬಾಯಿಗೆ ತಾಗಿದ ಜೊಲ್ಲು ಮೂರನೆಯ ವರ್ಗಕ್ಕೆ ಸೇರುತ್ತವೆ. ಇವಕ್ಕೆ ಲಸಿಕೆಯೊಂದಿಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು. ‘ರಕ್ತ ಬಂದಿಲ್ಲ’ ಎಂಬುದು ಲಸಿಕೆ ಬೇಡವೆನ್ನಲು ಕಾರಣವಲ್ಲ ಎಂಬುದೇ ಇದರ ತಾತ್ಪರ್ಯ.

‘ಹತ್ತು ದಿನ ನಾಯಿಯನ್ನು ನೋಡೋಣ’ ಎಂಬ ಮಾತೂ ಅಪಾರ್ಥಕ್ಕೆ ಒಳಗಾಗಿದೆ. ನಾಯಿಯ ಮೇಲೆ ನಿಗಾ ಇಡುವುದು ಚಿಕಿತ್ಸೆಯನ್ನು ಮುಂದೂಡಲಿಕ್ಕಲ್ಲ. ಲಸಿಕೆಯನ್ನು ಅಂದೇ ಆರಂಭಿಸಬೇಕು. ಹತ್ತು ದಿನಗಳ ನಂತರವೂ ನಾಯಿ ಆರೋಗ್ಯವಾಗಿದ್ದರೆ ವೈದ್ಯರ ಸಲಹೆಯಂತೆ ಮುಂದಿನ ಚುಚ್ಚುಮದ್ದು ನಿಲ್ಲಿಸಬಹುದು. ಮೇಲಾಗಿ, ಮಲೆನಾಡಿನಲ್ಲಿ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಹೊಸತೇನಲ್ಲ. ಐದನೆಯ ದಿನ ನಾಯಿಯೇ ಕಾಣದಾದರೆ ಉತ್ತರಿಸುವವರು ಯಾರು? ನಾಯಿಗೆ ಲಸಿಕೆ ಹಾಕಿಸಿದ್ದರೆ ಅಪಾಯ ತಗ್ಗುತ್ತದೆ ನಿಜ. ಆದರೆ ಅದೊಂದನ್ನೇ ನೆಚ್ಚಿ ಸುಮ್ಮನಿರುವಂತಿಲ್ಲ.

ಮೊದಲ ಚಿಕಿತ್ಸೆ ಮನೆಯ ನಲ್ಲಿಯಲ್ಲೇ ಇದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಕೂಡದು. ಹೊಕ್ಕುಳಿನ ಸುತ್ತ 14 ಇಂಜೆಕ್ಷನ್ ಎಂಬ ಭಯ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ದೇಶದಲ್ಲಿ ನಿಂತುಹೋಗಿದೆ. ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ, ತೋಳಿನ ಸ್ನಾಯುವಿಗಾದರೆ 0, 3, 7, 14, 28ನೇ ದಿನ, ಚರ್ಮದೊಳಗಾದರೆ 0, 3, 7, 28ನೇ ದಿನ ಲಸಿಕೆ ನೀಡಲಾಗುತ್ತದೆ.

ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಾಯಿಯಿಂದ ಬರುವ ರೇಬಿಸನ್ನು 2030ರೊಳಗೆ ತೊಡೆದುಹಾಕುವ ಗುರಿ ದೇಶದ ಮುಂದಿದೆ. ಆ ಗುರಿ ಕಾಗದದಲ್ಲೇ ಉಳಿಯಬಾರದೆಂದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ತಾಲ್ಲೂಕು ಆಸ್ಪತ್ರೆಗಳಲ್ಲಿ ಸದಾ ಸಿಗುವಂತಿರಬೇಕು. ಮಳೆಗಾಲದ ರಾತ್ರಿ ಮಗುವನ್ನೆತ್ತಿಕೊಂಡು ಶಿವಮೊಗ್ಗಕ್ಕೆ ಓಡುವ ಪಾಡು ಯಾವ ತಾಯಿಗೂ ಬರಬಾರದು.

ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗಿನ ಕಡಿತ ಜೀವ ತೆಗೆಯಬಲ್ಲದೆಂಬುದನ್ನು 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಜಿಲ್ಲೆಗೆ ಕಲಿಸಿದೆ. ಗಾಯದ ಅಳತೆಯಿಂದ ಅಪಾಯವನ್ನು ಅಳೆಯಬಾರದೆಂಬ ಆ ಪಾಠ ನಾಯಿಯ ಗೀರಿಗೂ ಅನ್ವಯಿಸುತ್ತದೆ.