ಶೂನ್ಯದ ನಡುಕದಿಂದ ನಕ್ಷತ್ರಗಳು

ಹಣದುಬ್ಬರವೆಂದರೇನೆಂದು ಸಂಸಾರ ತೂಗಿಸುವವರಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ಆಂಗ್ಲ ಭಾಷೆಯಲ್ಲಿ ಅದಕ್ಕಿರುವ ‘ಇನ್‌ಫ್ಲೇಶನ್’ ಎಂಬ ಹೆಸರನ್ನೇ ಭೌತವಿಜ್ಞಾನಿಗಳು ವಿಶ್ವದ ಶೈಶವದ ಒಂದು ಘಟನೆಗೂ ಇಟ್ಟಿದ್ದಾರೆ. ನಾವು ಅದನ್ನು ‘ಉಬ್ಬರ’ವೆಂದೇ ಕರೆಯೋಣ.

ಆಕಾಶದ ಎಲ್ಲ ದಿಕ್ಕುಗಳಿಂದಲೂ ಕ್ಷೀಣವಾದ ವಿಕಿರಣವೊಂದು ಭೂಮಿಗೆ ಬರುತ್ತಿದೆ. ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬವರು 1965ರಲ್ಲಿ ಇದನ್ನು ಪ್ರಕಟಪಡಿಸಿದರು. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು. ಪೂರ್ವದಿಂದ ಬಂದುದಕ್ಕೂ ಪಶ್ಚಿಮದಿಂದ ಬಂದುದಕ್ಕೂ ಉಷ್ಣತೆ ಒಂದೇ: ಸೊನ್ನೆಗಿಂತ ಸುಮಾರು 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇದರಲ್ಲಿ ಸೋಜಿಗವೇನು? ಹಳೆಯ ಲೆಕ್ಕದ ಪ್ರಕಾರ, ಆ ಎರಡು ಪ್ರದೇಶಗಳ ನಡುವೆ ಬೆಳಕು ಸಹ ಹಾದುಹೋಗುವಷ್ಟು ಕಾಲ ಅಂದು ಕಳೆದಿರಲಿಲ್ಲ. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ಗೃಹಿಣಿಯರ ಸಾರಿನಲ್ಲಿ ಉಪ್ಪು, ಹುಳಿ, ಖಾರಗಳು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ ಏನೆಂದುಕೊಳ್ಳುವೆವು? ಇವರು ಹಿಂದೊಮ್ಮೆ ಒಂದೇ ಅಡುಗೆಮನೆಯಲ್ಲಿದ್ದವರೆಂದಲ್ಲವೆ?

1979ರ ಡಿಸೆಂಬರಿನ ಒಂದು ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಅಲನ್ ಗೂತ್ ಎಂಬ ತರುಣ ವಿಜ್ಞಾನಿಗೆ ಹೊಳೆದುದು ಇಂಥದೇ ಉತ್ತರ. ವಿಶ್ವದ ಮೊದಲ ಸೆಕೆಂಡಿನ ಅತ್ಯಲ್ಪ ಅಂಶದಲ್ಲಿ ಆಕಾಶವು ಎಂಬತ್ತು ತೊಂಬತ್ತು ಸಲ ಇಮ್ಮಡಿಯಾಯಿತು. ಇಂದು ದೂರ ದೂರವಿರುವುದೆಲ್ಲ ಅದಕ್ಕೆ ಮುಂಚೆ ಒಂದೇ ಒಲೆಯ ಸುತ್ತ ಕುಳಿತಿತ್ತು. ಹಿಗ್ಗಿದರೂ ತೆಳುವಾಗದ ಶಕ್ತಿಯುಳ್ಳ ಒಂದು ‘ಕ್ಷೇತ್ರ’ವೇ ಈ ಉಬ್ಬರಕ್ಕೆ ಕಾರಣವೆಂದು ಅವರ ಊಹೆ. ಉಬ್ಬರ ನಿಲ್ಲುವ ಬಗೆಯಲ್ಲಿ ದೋಷವಿತ್ತು. ಅದನ್ನು 1982ರಲ್ಲಿ ಲಿಂಡೆ, ಆಲ್‌ಬ್ರೆಕ್ಟ್, ಸ್ಟೈನ್‌ಹಾರ್ಟ್ ತಿದ್ದಿದರು.

ಆದರೆ ಎಲ್ಲವೂ ಸಮವಾಗಿದ್ದರೆ ನಕ್ಷತ್ರಗಳು ಹುಟ್ಟಿದುದೆಂತು? ನನ್ನ ಮಟ್ಟಿಗೆ ಈ ಕಥೆಯ ತಿರುಳಿರುವುದು ಇಲ್ಲಿಯೇ. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪ್ರಕಾರ ಶೂನ್ಯವೆಂಬುದು ನಿಶ್ಚಲವಲ್ಲ. ಏನೂ ಇಲ್ಲದೆಡೆಯಲ್ಲಿಯೂ ಕ್ಷೇತ್ರಗಳು ನಡುಗುತ್ತಲೇ ಇರುತ್ತವೆ. ಸಾಮಾನ್ಯವಾಗಿ ಈ ಕಿರುಅಲೆಗಳು ಎದ್ದಂತೆಯೇ ಅಡಗುವುವು. ಉಬ್ಬರದ ಕಾಲದಲ್ಲಿ ಅಡಗಲು ಅವಕಾಶವೇ ದೊರೆಯಲಿಲ್ಲ. ಅಲೆಗಳು ಹಿಗ್ಗಿ ಹಾಗೆಯೇ ಹೆಪ್ಪುಗಟ್ಟಿದವು. ಎಲ್ಲಿ ದ್ರವ್ಯ ಕೂದಲೆಳೆಯಷ್ಟು ಹೆಚ್ಚಾಯಿತೋ ಅಲ್ಲಿಗೆ ಗುರುತ್ವವು ಇನ್ನಷ್ಟನ್ನು ಸೆಳೆಯಿತು. ಗೆಲಾಕ್ಸಿಗಳೂ ನಕ್ಷತ್ರಗಳೂ ಕಟ್ಟಿಕೊಂಡವು. ಮಾಸ್ಕೋದ ಮುಖಾನೊವ್ ಮತ್ತು ಚಿಬಿಸೊವ್ 1981ರಲ್ಲಿಯೇ ಈ ಲೆಕ್ಕ ಮಾಡಿದ್ದರು. 1992ರಲ್ಲಿ ಕೋಬ್ ಉಪಗ್ರಹವು ವಿಕಿರಣದಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ಏರುಪೇರನ್ನು ಕಂಡಿತು. ದೊಡ್ಡ ಅಲೆಗಳು ಸಣ್ಣವುಗಳಿಗಿಂತ ತುಸು ಪ್ರಬಲವಾಗಿರಬೇಕೆಂಬ ಸೂಕ್ಷ್ಮವನ್ನೂ ಮುಂದೆ ಪ್ಲಾಂಕ್ ಉಪಗ್ರಹವು ದೃಢಪಡಿಸಿತು.

ಹಾಗಾದರೆ ಸಿದ್ಧಾಂತವು ಗೆದ್ದಿತೆ? ಉಬ್ಬರವು ಗುರುತ್ವದ ಅಲೆಗಳನ್ನೂ ಎಬ್ಬಿಸಿರಬೇಕು. ಅವು ಆ ಪುರಾತನ ಬೆಳಕಿನಲ್ಲಿ ಸುಳಿಯಂಥ ಗುರುತನ್ನು ಬಿಟ್ಟಿರಬೇಕು. ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದಲ್ಲಿ ಆ ಸುಳಿ ದೊರೆತಿದೆಯೆಂದು 2014ರ ಮಾರ್ಚ್‌ನಲ್ಲಿ ಘೋಷಣೆಯಾಯಿತು. ಸಹೋದ್ಯೋಗಿಯೊಬ್ಬರು ಲಿಂಡೆಯವರ ಮನೆಬಾಗಿಲಿಗೇ ಹೋಗಿ ಸುದ್ದಿ ಮುಟ್ಟಿಸಿದರು. ಸಂತೋಷದ ನಡುವೆಯೂ ಆ ಹಿರಿಯರು ಒಂದು ಅಳುಕನ್ನು ತೋಡಿಕೊಂಡರು: ಸುಂದರವಾಗಿದೆಯೆಂಬ ಒಂದೇ ಕಾರಣಕ್ಕೆ ತಾನಿದನ್ನು ನಂಬಿದ್ದರೆ? ಅಳುಕು ವ್ಯರ್ಥವಾಗಲಿಲ್ಲ. 2015ರ ಆರಂಭದಲ್ಲಿ ಪ್ಲಾಂಕ್ ತಂಡದೊಡನೆ ಸೇರಿ ಪರೀಕ್ಷಿಸಿದಾಗ, ಕಂಡ ಸುಳಿಯಲ್ಲಿ ಬಹುಪಾಲು ನಮ್ಮ ಕ್ಷೀರಪಥದ ಧೂಳಿನದೆಂದು ತಿಳಿಯಿತು.

ಸಿದ್ಧಾಂತವನ್ನು ಕಟ್ಟಿದವರಲ್ಲೊಬ್ಬರಾದ ಸ್ಟೈನ್‌ಹಾರ್ಟ್ ಅವರೇ ಅನಂತರ ಅದರ ಕಟು ವಿಮರ್ಶಕರಾದರು: ಯಾವ ಫಲಿತಾಂಶಕ್ಕೂ ಹೊಂದಿಕೊಳ್ಳುವ ಸಿದ್ಧಾಂತವನ್ನು ಪರೀಕ್ಷಿಸುವುದೆಂತು ಎಂಬುದು ಅವರ ಆಕ್ಷೇಪ. ಧ್ರುವದ ಹಿಮದಲ್ಲಿ ಹೊಸ ದೂರದರ್ಶಕಗಳು ಆ ಸುಳಿಯನ್ನು ಇನ್ನೂ ಹುಡುಕುತ್ತಿವೆ.